ಬಾಣದ ಮೊನಿ ಮತ್ತ ನಮ್ಮ ಇಳಿಗಿ

ಹೋದ ಶ್ರಾವಣದಾಗ ನಮ್ಮ ತಂಗಿ ಮಗ ಅಮೆರಿಕಾದಿಂದ ವಿಡಿಯೋ ಕಾಲ್ ಮಾಡಿದ್ದ. ಮಾತಾಡಕೋತನ ಕಲ್ಲಿನ ಮ್ಯಾಲೆ ಏನೋ ತಿಕ್ಕಲಿಕ್ಕತ್ತಿದ್ದ. "ಏನಪಾ, ಚಾಕು ಮಸೀಲಿಕ್ಕತ್ತೀಯೇನು?" ಅಂದೆ. "ಅಲ್ಲ ಮೌಶಿ, ಬಾಣದ ಮೊನಿ. ಗೆಳೆಯರ ಜೋಡಿ ಜಿಂಕಿ ಬೇಟಿಗೆ ಹೊಂಟೀನಿ" ಅಂದ. ನಮ್ಮ ತಂಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಮನಸ್ಸಿಗೆ ಛಲೋ ಅನಸಲಿಲ್ಲ, ಸುಳ್ಳು ಯಾಕ ಹೇಳಲಿ. ಆದ್ರ ಅವ ಅಂದ ಒಂದು ಮಾತು ತಲ್ಯಾಗ ಕೂತುಬಿಡ್ತು. "ಮೊಂಡ ಇದ್ರ ಪಾಪ ಮೌಶಿ, ಅದಕ್ಕ ಮಸೀಬೇಕು."

ಮಾತು ಖರೇ ಅದ. ಗುಂಡು ಹೊಡೆದು ಕೆಡವತದ, ಬಾಣ ಹಂಗಲ್ಲ. ಅದು ಕೊಯ್ದು ರಕ್ತ ಹರಿಸಿ ಕೊಲ್ಲತದ. ಮೊನಿ ಹರಿತ ಇದ್ರ ರಕ್ತನಾಳ ಸರಕ್ಕನೆ ಕತ್ತರಿಸಿ ಪ್ರಾಣಿ ಲಗೂನ ಬೀಳತದ. ಮೊಂಡ ಇದ್ರ ನಾಳ ಪಕ್ಕಕ್ಕ ಸರೀತದ, ಆ ಮೂಕಪ್ರಾಣಿ ಗಾಯ ಹೊತ್ತುಕೊಂಡು ಎಲ್ಲೆಲ್ಲೋ ನರಳಕೋತ ತಿರಗತದ. ಮೊಂಡ ಇಳಿಗಿಯೊಳಗ ಟೊಮೆಟೊ ಹೆಚ್ಚಿದ್ರ ಕೊಯ್ಯೂದು ಬಿಟ್ಟು ಹಿಚುಕತದಲ್ಲ, ಹಂಗ.

ಈ ವಿದ್ಯಾ ಆ ದೇಶದವರಿಗೆ ಎಲ್ಲಿಂದ ಬಂತು ಅಂತ ಮಧ್ಯಾಹ್ನ ಕೂತು ಓದಕೋತ ಹೋದೆ. ಓದಿದ ಕತಿ ನಿಮಗೆ ಹೇಳದ ಇರಲಿಕ್ಕೆ ಆಗಲಿಲ್ಲ.

1911ರ ಆಗಸ್ಟ್ 29ಕ್ಕ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನ ಕಸಾಯಿಖಾನೆ ಹತ್ತರ ಒಬ್ಬ ಮನುಷ್ಯ ಸಿಕ್ಕ. ಹೊಟ್ಟಿಗಿಲ್ಲದ ಸೊರಗಿದ್ದ. ಸೂತಕಕ್ಕಂತ ತಲಿಕೂದಲು ಸುಟ್ಟುಕೊಂಡಿದ್ದ. ಯಾಹಿ ಅನ್ನೋ ಮೂಲನಿವಾಸಿಗಳೊಳಗ ಉಳಿದ ಕಡೀ ಮನುಷ್ಯ ಅವ. ಚಿನ್ನ ಹುಡುಕಿಕೊಂಡು, ದನ ಮೇಯಿಸಲಿಕ್ಕೆ ಅಂತ ಬಂದ ಬಿಳಿಯರು ಅವನ ಮಂದೀನ್ನ ಗುಂಪುಗುಂಪಾಗಿ ಕೊಂದಿದ್ದರು. ಉಳಿದ ನಾಕು ಜನ ವರ್ಷಾನುಗಟ್ಟಲೆ ಡೀರ್ ಕ್ರೀಕ್ ಕಣಿವ್ಯಾಗ ಅಡಗಿದ್ದರು. 1908ರಾಗ ಸರ್ವೇ ಮಾಡೋರು ಆ ಗುಡಿಸಲು ಕಂಡುಹಿಡಿದು ಬಿಲ್ಲು, ಬಾಣ, ಹೊದಿಕಿ ಎಲ್ಲಾ ಎತ್ತಿಕೊಂಡು ಹೋದರು. ಏಳಲಿಕ್ಕೂ ಆಗದ ಅವನ ಮುದಿ ತಾಯಿ ಅಲ್ಲೇ ಮಲಗಿದ್ದಳು. ಸಂಸಾರದ ನಾಕು ಸಾಮಾನು ಹೋದ್ರ ಏನಾಗತದ ಅಂತ ನಮಗ್ಯಾರೂ ಹೇಳಿಕೊಡಬೇಕಾಗಿಲ್ಲ.

ಅವ ತನ್ನ ಹೆಸರು ಯಾರಿಗೂ ಹೇಳಲೇ ಇಲ್ಲ. ತಮ್ಮ ಹೆಸರು ತಾವೇ ಹೇಳಬಾರದಂತ ಅವರಲ್ಲಿ ಪದ್ಧತಿ. ನಮ್ಮ ಅಜ್ಜಿ ಗಂಡನ ಹೆಸರು ಹೇಳತಿರಲಿಲ್ಲ, ಹಂಗ. ಅದಕ್ಕ ಅವರ ಭಾಷಾದಾಗ 'ಮನುಷ್ಯ' ಅನ್ನೋ ಅರ್ಥದ 'ಇಷಿ' ಅಂತ ಪ್ರೊಫೆಸರ್ ಕ್ರೋಬರ್ ಹೆಸರಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನಾಗ ಅವನ್ನ ಇಟ್ಟುಕೊಂಡರು.

ಬಾಜೂಕ ಇದ್ದ ಆಸ್ಪತ್ರಿಯೊಳಗ ಸ್ಯಾಕ್ಸ್ಟನ್ ಪೋಪ್ ಅಂತ ಒಬ್ಬ ಸರ್ಜನ್. ಇಷಿಗೆ ಡಾಕ್ಟರ್ ಆಗಿ ಬಂದಾಂವ ಶಿಷ್ಯನೇ ಆದ. ಇಷಿ ಕಪ್ಪು ಗಾಜಿನಂಥ ಜ್ವಾಲಾಮುಖಿ ಕಲ್ಲಿನಿಂದ ಮೊನಿ ಮಾಡತಿದ್ದ. ಸಿಕ್ಕರ ಒಡೆದ ಬಾಟಲಿ ಗಾಜಿನಿಂದಲೂ. ಅಂಗೈಗೆ ಚರ್ಮ ಇಟ್ಟುಕೊಂಡು, ಜಿಂಕಿ ಕೊಂಬಿನ ತುದಿಯಿಂದ ಅಂಚಿನ ಮ್ಯಾಲೆ ಒತ್ತಿ ಒತ್ತಿ ಚಕ್ಕಿ ಎಬ್ಬಿಸತಿದ್ದ. ಮಸಿಯೂದೇ ಇಲ್ಲ, ಒಂದೊಂದು ಚಕ್ಕಿ ಹಾರಿದಾಗೂ ಹೊಸಾ ಹರಿತ ಬರತಿತ್ತು. ಕಣ್ಣಾಗ ಚೂರು ಬಿದ್ರ ಬಗ್ಗಿ, ಕೆಳಗಿನ ರೆಪ್ಪಿ ಎಳೆದು, ನೆತ್ತಿಗೆ ತಾನೇ ಫಟ್ ಅಂತ ಹೊಡಕೊಳತಿದ್ದ. ಚೂರು ಉದುರತಿತ್ತು ಅಂತ ಪೋಪ್ ಬರದಾರ.

1916ರ ಮಾರ್ಚ್ 25ಕ್ಕ ಇಷಿ ಕ್ಷಯದಿಂದ ಹೋದ. ಅವನಿಂದ ಕಲಿತ ಪೋಪ್ ಮತ್ತ ಅವರ ಗೆಳೆಯ ಆರ್ಟ್ ಯಂಗ್ ಉಕ್ಕಿನ ಮೊನಿ ಮಾಡಿ, ಅರದಿಂದ ಉಜ್ಜಿ ಹರಿತ ಮಾಡಿಕೊಂಡು ಕರಡಿ ಬೇಟಿ ಆಡಿದರು. 1923ರಾಗ ಪೋಪ್ ಪುಸ್ತಕಾ ಬರೆದರು. ಅದನ್ನ ಓದಿ ಎಷ್ಟೋ ಮಂದಿ ಬಿಲ್ಲು ಹಿಡಿದರು. 1934ರಾಗ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನ ಬೇಟಿಗಂತನ ಬ್ಯಾರೆ ಹಂಗಾಮು ಇಟ್ಟಿತು. 1956ರ ಹೊತ್ತಿಗೆ ಫ್ರೆಡ್ ಬೇರ್ ಅನ್ನಾಂವ ತೆಳ್ಳಗಿನ ಬ್ಲೇಡ್ ಸಿಗಿಸೋ ಮೊನಿ ತಂದ. ಈಗ ಪೂರಾ ಬ್ಲೇಡೇ ಬದಲಿ ಮಾಡೋವು ಬಂದಾವ, ಮಸಿಯೋ ಕೆಲಸೇ ಇಲ್ಲ. ನಮ್ಮ ಓಣಿಗೆ ಸಾಣಿ ಹಿಡಿಯಾಂವ ಬರೂದು ನಿಂತದ್ದೂ ಹಿಂಗ ಅಲ್ಲೇನ್ರಿ. ಚಾಕು ಮೊಂಡ ಆತು, ಒಗಿ, ಹೊಸಾದು ತಾ.

ನಮ್ಮ ಹುಡುಗ ಮಾತ್ರ ಕೈಯಿಂದನ ಮಸಿಯಾಂವ. ಮೊದಲು ಅರ, ಆಮ್ಯಾಲೆ ಕಲ್ಲು, ಕಡೀಕ ಚರ್ಮದ ಪಟ್ಟಿ. ಉಜ್ಜುವಾಗ ಅಂಚಿಗೆ ಸಣ್ಣ ಕಬ್ಬಿಣದ ಎಳಿ ಏಳತದ, ಅದು ಪೂರಾ ಹೋಗೂತನಕಾ ಹರಿತ ಬಂತಂತ ತಿಳೀಬಾರದು. ರಬ್ಬರ್ ಬ್ಯಾಂಡ್ ಎಳೆದು ಹಿಡಿದು ಮುಟ್ಟಿಸಿದ ಕೂಡಲೆ ಕತ್ತರಿಸಬೇಕಂತ. ಮೂರು ಅಲಗಿನ ಮೊನಿ ಇದ್ರ ಎರಡು ಅಲಗು ಒಮ್ಮೆಗೇ ಕಲ್ಲಿಗೆ ಕೂಡತಾವಂತ.

ಮುಂದಿನ ಸಲ ಫೋನ್ ಮಾಡಿದಾಗ ಕೇಳಿದೆ, "ನಿನಗ ಇಷಿ ಗೊತ್ತೇನು?" ಗೊತ್ತಿರಲಿಲ್ಲ. 1961ರಾಗ ಹುಟ್ಟಿದ ಪೋಪ್ ಆ್ಯಂಡ್ ಯಂಗ್ ಕ್ಲಬ್ಬು ಚೊಲೋ ಗೊತ್ತಿತ್ತು. ಶಿಷ್ಯರ ಹೆಸರು ಕ್ಲಬ್ಬಿಗೆ ಬಂತು, ಗುರುವಿನದು ಬರಲಿಲ್ಲ. ಕತಿ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ದ. ನನಗ ಬೇಟಿ ಇವತ್ತಿಗೂ ಸೇರೂದಿಲ್ಲ, ಅದನ್ನೂ ಹೇಳಿದೆ. "ಹೋಗೂದ ಇದ್ರ ಮೊಂಡ ಮೊನಿ ಒಯ್ಯಬ್ಯಾಡ" ಅಂತನೂ ಹೇಳಿದೆ. ನಮ್ಮ ತಂಗಿಗೆ ಈ ಮಾತು ಹೇಳಬ್ಯಾಡ್ರಿ ಮತ್ತ.

ಫೋನ್ ಇಟ್ಟು ಹಿತ್ತಲಕ್ಕ ಹೋಗಿ, ಅತ್ತಿಯವರ ಇಳಿಗಿ ಕಲ್ಲಿಗೆ ಹಚ್ಚಿದೆ. ಅವರು ವಾರಕ್ಕೊಮ್ಮೆ ಮಸೀತಿದ್ದರು. "ಮೊಂಡ ಇಳಿಗೀನ ಬೆರಳು ಕೊಯ್ಯೂದು" ಅನ್ನೋರು. ಮೊಂಡ ಇದ್ರ ನಾವು ಜೋರು ಹಾಕತೀವಿ, ಜಾರತದ, ಬೆರಳಿಗೆ ಬೀಳತದ. ನಾನು ಕಲ್ಲು ಮುಟ್ಟಿ ಆರು ತಿಂಗಳಾಗಿತ್ತು.