ಐದಕ್ಷರದ ಇಂಗ್ಲಿಷ್ ಪದ ಥಟ್ಟನೆ ಹೊಳೆಯದಿದ್ದರೆ ಮಗು ದಡ್ಡವೇ?

‘ಎ, ಇ, ಆರ್, ಟಿ ಈ ನಾಲ್ಕೂ ಇರುವ ಐದಕ್ಷರದ ಇಂಗ್ಲಿಷ್ ಪದ ಹೇಳು.’ ಮೊಬೈಲ್‌ನ ಪದದಾಟಗಳಲ್ಲಿ, ಶಾಲೆಯ ಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಕೂಡಲೇ ಉತ್ತರಿಸಿದ ಮಗು ಜಾಣ, ತಡವರಿಸಿದ ಮಗು ದಡ್ಡ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳಿಗಂತೂ ಈ ಹಣೆಪಟ್ಟಿ ಬೇಗ ಅಂಟುತ್ತದೆ. ಇದು ಸರಿಯೇ? ಪದ ಹುಡುಕುವ ಕೆಲಸ ನಡೆಯುವುದಾದರೂ ಹೇಗೆ? ತಿಳಿಯೋಣ.

ಮೊದಲು ಉದ್ದ, ಆಮೇಲೆ ಅಕ್ಷರ

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೈಮಗ್ಗದ ಜೊತೆಗೆ ಕೂದಲು ಸಂಸ್ಕರಣೆಗೂ ಹೆಸರಾದ ಊರು. ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಿ, ತೊಳೆದು, ಬಾಚಿ, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಕಟ್ಟುವುದು ಈ ಕೆಲಸದ ಕ್ರಮ. ಪದ ಹುಡುಕುವುದೂ ಹೀಗೆ ಬೇರ್ಪಡಿಸುವ ಕೆಲಸವೇ.

ಇಂಗ್ಲಿಷಿನ 26 ಅಕ್ಷರಗಳನ್ನು ಐದು ಮನೆಗಳಲ್ಲಿ ಹೇಗೆಂದರೆ ಹಾಗೆ ತುಂಬಿದರೆ 1,18,81,376 ಜೋಡಣೆಗಳಾಗುತ್ತವೆ. ಆದರೆ ಜೋಶ್ ವಾರ್ಡಲ್ ಅವರು ರೂಪಿಸಿ 2021ರಲ್ಲಿ ಎಲ್ಲರಿಗೂ ತೆರೆದಿಟ್ಟ ‘ವರ್ಡಲ್’ ಆಟ ಒಪ್ಪುತ್ತಿದ್ದ ಐದಕ್ಷರದ ಪದಗಳು ಸುಮಾರು 13 ಸಾವಿರ ಮಾತ್ರ. ಅಂದರೆ ಸುಮಾರು 900 ಜೋಡಣೆಗಳಲ್ಲಿ ಒಂದಷ್ಟೇ ಪದ. ಉಳಿದವನ್ನು ಬೇಗ ಕೈಬಿಡಲು ಕಲಿತವರೇ ಇದರಲ್ಲಿ ಗೆಲ್ಲುತ್ತಾರೆ.

ಹುಡುಕುವ ಕ್ರಮ

1. ಗೊತ್ತಿಲ್ಲದ ಅಕ್ಷರವನ್ನು ಒಂದೊಂದಾಗಿ ಇಟ್ಟು ನೋಡಿ. ಮೇಲಿನ ಪ್ರಶ್ನೆಯಲ್ಲಿ ಖಾಲಿ ಇರುವುದು ಒಂದೇ ಮನೆ. ‘ಡಬ್ಲ್ಯೂ’ ಸೇರಿಸಿದರೆ ವಾಟರ್, ‘ಜಿ’ ಸೇರಿಸಿದರೆ ಗ್ರೇಟ್, ‘ಎಲ್’ ಸೇರಿಸಿದರೆ ಲೇಟರ್ ಮತ್ತು ಅಲರ್ಟ್, ‘ಎಕ್ಸ್’ ಸೇರಿಸಿದರೆ ಎಕ್ಸ್‌ಟ್ರಾ.

2. ಜೊತೆಯಾಗಿ ಬರುವ ಅಕ್ಷರಗಳನ್ನು ಗಮನಿಸಿ. ಪದದ ಮೊದಲಲ್ಲಿ ‘ಟಿ-ಆರ್’, ‘ಸಿ-ಆರ್’, ‘ಎಸ್-ಟಿ’ ಬರುತ್ತವೆ, ‘ಆರ್-ಟಿ’ ಬರುವುದಿಲ್ಲ. ಕೊನೆಯಲ್ಲಿ ‘ಇ-ಆರ್’ ಹೆಚ್ಚು. ‘ಸಿ’ ಸೇರಿಸಿ ಜೋಡಿಸಿದರೆ ಟ್ರೇಸ್, ಕ್ರೇಟ್, ಕೇಟರ್, ರಿಯಾಕ್ಟ್ ಸಿಗುತ್ತವೆ.

3. ಒಂದೇ ಅಕ್ಷರ ಎರಡು ಸಲ ಬರಬಹುದು ಎಂಬುದನ್ನು ಮರೆಯಬೇಡಿ. ‘ಟ್ರೀಟ್’ ಪದದಲ್ಲಿ ‘ಟಿ’ ಮೊದಲೂ ಇದೆ, ಕೊನೆಗೂ ಇದೆ.

4. ಹೆಚ್ಚು ಬಳಕೆಯ ಅಕ್ಷರಗಳನ್ನು ಮೊದಲು ಪ್ರಯತ್ನಿಸಿ. ‘ಸ್ಕ್ರ್ಯಾಬಲ್’ ಆಟ ರೂಪಿಸಿದ ಆಲ್ಫ್ರೆಡ್ ಬಟ್ಸ್ ವೃತ್ತಿಯಿಂದ ವಾಸ್ತುಶಿಲ್ಪಿ. 1930ರ ದಶಕದಲ್ಲಿ ಅವರು ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ್ದರು. ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ‘ಇ’ 12 ಇದ್ದರೆ, ‘ಕ್ಯೂ’ ಮತ್ತು ‘ಝಡ್’ ಒಂದೊಂದೇ ಇವೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಎ, ಇ, ಐ, ಓ, ಯು ಇಲ್ಲದೆ ಇಂಗ್ಲಿಷ್ ಪದವೇ ಇಲ್ಲ.
ವಾಸ್ತವ: ಇವೆ. ಡ್ರೈ, ಮಿಥ್, ರಿದಮ್ ಪದಗಳಲ್ಲಿ ಆ ಐದರಲ್ಲಿ ಒಂದೂ ಇಲ್ಲ. ಅಲ್ಲಿ ಸ್ವರದ ಕೆಲಸ ಮಾಡುವುದು ‘ವೈ’.

ನಂಬಿಕೆ: ‘ಕ್ಯೂ’ ಬಂದರೆ ಮುಂದೆ ‘ಯು’ ಬರಲೇಬೇಕು.
ವಾಸ್ತವ: ಬಹುಪಾಲು ನಿಜ, ಆದರೆ ಕಡ್ಡಾಯವಲ್ಲ. ಇರಾಕ್ ದೇಶದ ಹೆಸರು ‘ಕ್ಯೂ’ನಲ್ಲೇ ಮುಗಿಯುತ್ತದೆ.

ನಂಬಿಕೆ: ಪದ ಬೇಗ ಹೊಳೆದರೆ ಭಾಷೆ ಚೆನ್ನಾಗಿ ಬರುತ್ತದೆ ಎಂದರ್ಥ.
ವಾಸ್ತವ: ಹಾಗೇನಿಲ್ಲ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. ಪದ ಹುಡುಕಿಕೊಡುವ ತಂತ್ರಾಂಶಕ್ಕೂ ಅರ್ಥ ಗೊತ್ತಿಲ್ಲ. ಪಟ್ಟಿಯಲ್ಲಿ ಉದ್ದ ಹೊಂದದ್ದನ್ನು ತೆಗೆಯುತ್ತದೆ, ಬೇಕಾದ ಅಕ್ಷರ ಇಲ್ಲದ್ದನ್ನು ತೆಗೆಯುತ್ತದೆ, ಉಳಿದದ್ದನ್ನು ತೋರಿಸುತ್ತದೆ.

ಹಾಗಾದರೆ ನಮ್ಮ ಮಕ್ಕಳು ತಡವರಿಸುವುದೇಕೆ?

ಕನ್ನಡದಲ್ಲಿ ಒಂದು ಅಕ್ಷರ ಎಂದರೆ ಉಚ್ಚರಿಸಬಹುದಾದ ಒಂದು ಘಟಕ. ‘ಭಾಗ್ಯನಗರ’ವನ್ನು ನಾವು ಭಾ, ಗ್ಯ, ನ, ಗ, ರ ಎಂದು ಐದಾಗಿ ಎಣಿಸುತ್ತೇವೆ. ಪತ್ರಿಕೆಯ ಪದಬಂಧದಲ್ಲೂ ‘ಗ್ಯ’ಕ್ಕೆ ಒಂದೇ ಮನೆ. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರ್ ಇದನ್ನೇ ಎಂಟು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಭ, ದೀರ್ಘದ ಗುರುತು, ಗ, ಒತ್ತಿಗಾಗಿ ಒಂದು ಗುರುತು, ಯ, ನ, ಗ, ರ. ಇಂಗ್ಲಿಷಿಗೆಂದು ಮಾಡಿದ ಪದ ಹುಡುಕುವ ತಂತ್ರಾಂಶ ಕನ್ನಡದಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ.

ಇಂಗ್ಲಿಷಿನಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಇಷ್ಟು ನೇರ ನಂಟಿಲ್ಲ. ಹಾರ್ಟ್ ಮತ್ತು ಅರ್ಥ್ (ಭೂಮಿ) ಪದಗಳ ಐದೂ ಅಕ್ಷರಗಳು ಒಂದೇ. ಬದಲಾದದ್ದು ‘ಎಚ್’ ಕೂರುವ ಜಾಗ ಮಾತ್ರ, ಉಚ್ಚಾರ ಮಾತ್ರ ಪೂರ್ತಿ ಬೇರೆ. ‘ಇ-ಎ’ ಜೋಡಿ ಹಾರ್ಟ್‌ನಲ್ಲಿ ‘ಆ’, ಗ್ರೇಟ್‌ನಲ್ಲಿ ‘ಏ’, ಟ್ರೀಟ್‌ನಲ್ಲಿ ‘ಈ’. ಕೇಳಿದಂತೆ ಬರೆಯುವ ಲಿಪಿಯಲ್ಲಿ ಕಲಿತ ಮಗು ಇಲ್ಲಿ ಮುಗ್ಗರಿಸುವುದು ಸಹಜ. ಅದು ಬುದ್ಧಿಯ ಕೊರತೆಯಲ್ಲ, ಕಲಿತ ನಿಯಮ ಇನ್ನೊಂದು ಲಿಪಿಗೆ ಹೊಂದದಿರುವ ತೊಡಕು.

ಪೋಷಕರು ಏನು ಮಾಡಬಹುದು?

ಗಡಿಯಾರ ಬದಿಗಿಡಿ. ರಟ್ಟಿನ ಚೂರುಗಳ ಮೇಲೆ ಅಕ್ಷರ ಬರೆದು ಕೊಡಿ, ಮಗು ಕೈಯಿಂದ ಸರಿಸಿ ಜೋಡಿಸಲಿ. ಸಿಕ್ಕ ಪದದ ಅರ್ಥ ಕೇಳಿ, ಅದನ್ನು ಬಳಸಿ ಒಂದು ವಾಕ್ಯ ಹೇಳಿಸಿ. ತಂತ್ರಾಂಶದ ಸಹಾಯ ಪಡೆದರೂ ಅಡ್ಡಿಯಿಲ್ಲ. ಪಟ್ಟಿ ಅದು ಕೊಡಲಿ, ಅರ್ಥ ಮಗು ಹುಡುಕಲಿ. ಐದಕ್ಷರದ ಪದ ಹುಡುಕುವುದು ಅಭ್ಯಾಸದಿಂದ ಬರುವ ಕೌಶಲ. ಅದನ್ನಿಟ್ಟುಕೊಂಡು ಯಾವ ಮಗುವನ್ನೂ ದಡ್ಡ ಎನ್ನಲಾಗದು.