ಕೊಲಾಬಾದ ಮಳೆ, ಸಾಂತಾಕ್ರೂಜಿನ ಮಳೆ

ಮಳೆಗಾಲದಲ್ಲಿ ಮುಂಬಯಿಯ ಪೇಪರುಗಳಲ್ಲಿ ದಿನಾ ಎರಡು ಅಂಕೆ ಬರುತ್ತವೆ. ಒಂದು ಕೊಲಾಬಾದ್ದು, ಇನ್ನೊಂದು ಸಾಂತಾಕ್ರೂಜಿನದ್ದು. ಬ್ಯಾಂಕಿನಲ್ಲಿ ದಿನವಿಡೀ ಅಂಕೆಗಳ ಜೊತೆಗೇ ಕಳೆಯುವ ನನಗೂ, ಒಂದೇ ಊರಿಗೆ ಎರಡು ಲೆಕ್ಕ ಯಾಕೆ ಅಂತ ಬಹಳ ವರ್ಷ ಹೊಳೆದಿರಲಿಲ್ಲ.

ನಮ್ಮೂರು ಪುತ್ತೂರಿನ ಆಚೆ. ಅಡಿಕೆ ತೋಟ. 1993ರಲ್ಲಿ ನಾನು ಇಲ್ಲಿಗೆ ಬಂದಾಗ, ರಾತ್ರಿ ರೇಟು ಇಳಿದ ಮೇಲೆ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು ಮನೆಗೆ ಫೋನು ಮಾಡುತ್ತಿದ್ದೆ. ಜೂನ್ ಮೊದಲ ವಾರ ಅಪ್ಪ ಹೇಳುವುದು ಒಂದೇ ಮಾತು. "ಇಲ್ಲಿ ಮಳೆ ಹಿಡಿಯಿತು. ಇನ್ನು ಐದಾರು ದಿನದಲ್ಲಿ ನಿನ್ನಲ್ಲಿಗೆ ಬರ್ತದೆ, ಕೊಡೆ ಸರಿ ಮಾಡಿಸಿಟ್ಟುಕೋ." ಹೆಚ್ಚಿನ ವರ್ಷ ಅಪ್ಪನ ಲೆಕ್ಕ ತಪ್ಪುತ್ತಿರಲಿಲ್ಲ. ಮುಂಗಾರು ಕರಾವಳಿ ಹಿಡಿದು ಮೇಲೆ ಬರುವುದೇ ಹಾಗೆ. ನಮ್ಮ ಕಡೆಗೆ ಜೂನ್ 5ರ ಸುಮಾರಿಗೆ, ಮುಂಬಯಿಗೆ 10-11ಕ್ಕೆ.

ಕೊಲಾಬಾದ ವೀಕ್ಷಣಾಲಯ ಈಸ್ಟ್ ಇಂಡಿಯಾ ಕಂಪನಿಯದ್ದು, 1826ರದ್ದು. ಕಟ್ಟಿದ್ದು ಮಳೆ ಅಳೆಯಲಿಕ್ಕಲ್ಲ! ಬಂದರಿನ ಹಡಗುಗಳಿಗೆ ನಕ್ಷತ್ರ ನೋಡಿ ಸರಿಯಾದ ಸಮಯ ಹೇಳಲಿಕ್ಕೆ. ಹವೆ ಮತ್ತು ಭೂಕಾಂತದ ಅಳತೆ ಕ್ರಮವಾಗಿ ಶುರುವಾದದ್ದು 1841ರಲ್ಲಿ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮು ಬರುತ್ತದೆ ಅಂದಾಗ, ಕಾಂತದ ಸೂಜಿಗಳು ಕೆಡುತ್ತವೆ ಅಂತ ಆ ಭಾಗವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಆಗ ಮುಖ್ಯಸ್ಥರಾಗಿದ್ದವರು ನಾನಾಭಾಯ್ ಮೂಸ್, ಅಲ್ಲಿನ ಮೊದಲ ಭಾರತೀಯ ನಿರ್ದೇಶಕರು. ಮಳೆಮಾಪಕ ಮಾತ್ರ ಕೊಲಾಬಾದಲ್ಲೇ ಉಳಿಯಿತು.

ರೈತರ ಸರದಿ ಬಂದದ್ದು ತಡವಾಗಿ. 1864ರ ಕಲ್ಕತ್ತಾ ಚಂಡಮಾರುತ, ಆಮೇಲಿನ ಬರಗಾಲಗಳು ಆಗಿ 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಆದದ್ದು 1932ರಲ್ಲಿ. ರೇಡಿಯೋದಲ್ಲಿ ರೈತರಿಗೆಂದೇ ಹವಾಮಾನ ವರದಿ ಬರತೊಡಗಿದ್ದು 1945ರಲ್ಲಿ. ಹಡಗಿನವರಿಗಿಂತ ನೂರು ವರ್ಷ ಹಿಂದೆ ಅನ್ನಿ.

ಆ ವರದಿಯ ಭಾಷೆ ನಿಮಗೂ ನೆನಪಿರಬಹುದು. "ಕರಾವಳಿಯ ಹೆಚ್ಚಿನ ಕಡೆಗಳಲ್ಲಿ, ಒಳನಾಡಿನ ಕೆಲವೆಡೆ..." ನಾವು ಮಕ್ಕಳು ನಗುತ್ತಿದ್ದೆವು, ಕೆಲವೆಡೆ ಅಂದರೆ ಯಾವ ಎಡೆ ಅಂತ. ಆದರೆ ಅದು ಬಾಯಿಗೆ ಬಂದ ಮಾತಲ್ಲ. ಇಲಾಖೆಯ ಲೆಕ್ಕದಲ್ಲಿ ಕೆಲವೆಡೆ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 26ರಿಂದ 50ರಷ್ಟು ಕಡೆ ಮಳೆ. 25ಕ್ಕಿಂತ ಕಡಿಮೆಯಾದರೆ ಅಲ್ಲಲ್ಲಿ. ಅಪ್ಪನಿಗೆ ಬೇಕಾದದ್ದು ಶೇಕಡಾವಾರು ಅಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲಿಕ್ಕೆ ನಮ್ಮ ತೋಟದಲ್ಲಿ ಎರಡು ದಿನ ಬಿಸಿಲು ಇದೆಯೋ ಇಲ್ಲವೋ, ಅಷ್ಟೆ. (ಈ ಮದ್ದನ್ನು ಅಡಿಕೆಗೆ ಬಳಕೆಗೆ ತಂದವರು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್‌ಮನ್ ಸಾಹೇಬರು, 1910ರ ಸುಮಾರಿಗೆ. ಮೈಲುತುತ್ತು, ಸುಣ್ಣ, ನೀರು. ಇವತ್ತಿಗೂ ಅದೇ.) ಮದ್ದು ಬಿಟ್ಟು ಇಳಿಯುವ ಮೊದಲೇ ಮಳೆ ಹೊಡೆದರೆ ದುಡ್ಡೂ ಹೋಯಿತು, ಕೂಲಿಯೂ ಹೋಯಿತು.

ಇದೆಲ್ಲ ನನಗೆ ನಿಜವಾಗಿ ಅರ್ಥವಾದದ್ದು 2005ರ ಜುಲೈ 26ರಂದು. ನಮ್ಮ ಆಟಿ ತಿಂಗಳು. ನಾನು ಫೋರ್ಟಿನ ಆಫೀಸಿನಲ್ಲಿ, ಮನೆ ಕಲೀನಾದಲ್ಲಿ. ಮೂರು ಗಂಟೆಯ ಹೊತ್ತಿಗೆ ಇವಳು ಫೋನು ಮಾಡಿ, "ಇಲ್ಲಿ ನೀರು ನಿಲ್ಲುತ್ತಾ ಇದೆ, ಮಗನನ್ನು ಶಾಲೆಯಿಂದ ಈಗಲೇ ಕರಕೊಂಡು ಬರಲಾ?" ಅಂದಳು. ನಾನು ಕಿಟಕಿಯಿಂದ ನೋಡಿದೆ. ಸಾಧಾರಣ ಮಳೆ. "ಅವಸರ ಬೇಡ, ಈಗ ನಿಲ್ಲುತ್ತದೆ. ಐದಕ್ಕೆ ಹೋದರೆ ಸಾಕು" ಅಂದುಬಿಟ್ಟೆ.

ಐದಕ್ಕೆ ರಸ್ತೆಯಲ್ಲಿ ಎದೆ ಮಟ್ಟ ನೀರು. ಫೋನು ಸತ್ತಿತ್ತು, ಲೋಕಲ್ ಇಲ್ಲ. ದಾದರಿನಿಂದ ನಡೆದು ನಾನು ಮನೆ ಸೇರಿದ್ದು ಮರುದಿನ ಬೆಳಿಗ್ಗೆ. ಎಂಟು ವರ್ಷದ ಮಗ ಬೇರೆ ಮಕ್ಕಳ ಜೊತೆ ಶಾಲೆಯ ಮೇಲಿನ ಮಹಡಿಯಲ್ಲಿ ರಾತ್ರಿ ಕಳೆದಿದ್ದ. ಅವನಿಗೆ ಏನೂ ಆಗಲಿಲ್ಲ. ಇವಳು ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಆಮೇಲೆ ಅಂಕೆ ಬಂತು. 24 ಗಂಟೆಯಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ ಸುಮಾರು 73. ನಡುವೆ ಇರುವುದು 20-25 ಕಿಲೋಮೀಟರ್! ಆಗ ಮುಂಬಯಿಗೆ ಡಾಪ್ಲರ್ ರಾಡಾರ್ ಇರಲಿಲ್ಲ. ಅದು ಬಂದದ್ದು, ಪಾಲಿಕೆಯವರು ನಗರದುದ್ದಕ್ಕೂ ಸ್ವಯಂಚಾಲಿತ ಮಳೆಮಾಪಕ ಹಾಕಿದ್ದು ಎಲ್ಲ ಆ ಪೆಟ್ಟು ತಿಂದ ಮೇಲೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೊಂದು ಮಳೆಮಾಪಕ ಬಂದಾಗ ನನಗೆ ಬಹಳ ಖುಷಿಯಾಗಿತ್ತು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಗೆ ಅದೇ ಲೆಕ್ಕ. ಬೆಳೆ ಎಷ್ಟು ಹಾಳಾಯಿತು ಅಂತ ತೋಟಕ್ಕೆ ಬಂದು ಯಾರೂ ನೋಡುವುದಿಲ್ಲ, ಮಾಪಕ ಹೇಳಿದ್ದೇ ಕೊನೆ ಮಾತು. 2018ರ ಮಳೆಗಾಲದಲ್ಲಿ ನಮ್ಮ ಕಡೆ ಕೊಳೆರೋಗ ಜೋರು. ನಮ್ಮ ತೋಟದಲ್ಲಿ ಅರ್ಧ ಅಡಿಕೆ ಉದುರಿತು. ಕೈಗೆ ಬಂದ ಪರಿಹಾರ ಮದ್ದಿನ ಕೂಲಿಗೂ ಸಾಲದು. ಪಂಚಾಯತಿನ ಮಾಪಕ ಗುಡ್ಡದ ಆಚೆ, ತೋಟ ಈಚೆ. ಅಪ್ಪ ಫೋನಿನಲ್ಲಿ ಕೇಳಿದರು, "ನೀನು ಬ್ಯಾಂಕಿನವನಲ್ಲವಾ, ಇದು ಸರಿಯಾ?" ನಾನು ಕಾಗದಪತ್ರ ತರಿಸಿ ಓದಿ, ರೂಲ್ ಪ್ರಕಾರ ಸರಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದಿನ ನಿನ್ನ ಹೆಂಡತಿಗೂ ಹೀಗೇ ಹೇಳಿದ್ದಿಯಲ್ಲ" ಅಂದರು.

ಮುಂದಿನ ಸಲ ಊರಿಗೆ ಹೋಗುವಾಗ ಒಂದು ಮಳೆಮಾಪಕ ತೆಗೆದುಕೊಂಡು ಹೋದೆ. ವಿಮೆಗೆ ಅದರ ಲೆಕ್ಕ ನಡೆಯುವುದಿಲ್ಲ, ಅಪ್ಪನಿಗೂ ಗೊತ್ತು. ಆದರೂ ದಿನಾ ಬೆಳಿಗ್ಗೆ ಎಂಟೂವರೆಗೆ, ಇಲಾಖೆಯವರು ನೋಡುವ ಹೊತ್ತಿಗೇ, ನೋಡಿ ಹಳೆ ಡೈರಿಯಲ್ಲಿ ಬರೆಯುತ್ತಾರೆ. ಭಾನುವಾರ ಫೋನು ಮಾಡಿದರೆ ಎರಡು ಅಂಕೆ ಹೇಳುತ್ತಾರೆ, ಪಂಚಾಯತಿನದ್ದು ಇಷ್ಟು, ನಮ್ಮದು ಇಷ್ಟು. ನಾನೂ ಎರಡು ಹೇಳುತ್ತೇನೆ.