ಕಡಿಮೆ ತಾಪದ ಅನಿಲಕ್ರಿಯೆಗಳು: ವೇಗಮಾಪನದ ಇತಿಹಾಸ

ಗ್ರಹ ಮತ್ತು ಉಪಗ್ರಹಗಳ ವಾಯುಮಂಡಲದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವನ್ನು ಅಲ್ಲಿರುವಷ್ಟೇ ಶೀತದಲ್ಲಿ, ಪ್ರಯೋಗಾಲಯದಲ್ಲಿ ಅಳೆಯುವ ಅಧ್ಯಯನ. ಭೌತರಸಾಯನದ ಈ ಕವಲು ಬಲಿತದ್ದು 1980ರ ದಶಕದಿಂದೀಚೆಗೆ.

ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಕ್ರಿಯಾವೇಗಕ್ಕೂ ತಾಪಕ್ಕೂ ಇರುವ ನಂಟನ್ನು ವಿವರಿಸಿದ. ಕ್ರಿಯೆ ನಡೆಯಬೇಕಾದರೆ ಅಣುಗಳು ಒಂದು ಶಕ್ತಿತಡೆಯನ್ನು ದಾಟಬೇಕು. ತಾಪ ಇಳಿದಷ್ಟೂ ದಾಟಬಲ್ಲ ಅಣುಗಳು ವಿರಳ. ಇದನ್ನೇ ಕೊನೆಯವರೆಗೂ ಎಳೆದರೆ ಶೀತಲೋಕಗಳಲ್ಲಿ ರಸಾಯನವೇ ನಿಂತುಹೋಗಬೇಕು. ವಿದ್ಯುದಂಶವುಳ್ಳ ಅಯಾನುಗಳು ಈ ಲೆಕ್ಕಕ್ಕೆ ಹೊರತು ಎಂಬುದು ಗೊತ್ತಿತ್ತು: ಅವು ಅಣುಗಳನ್ನು ದೂರದಿಂದಲೇ ಸೆಳೆಯುತ್ತವೆ. ಹೀಗಾಗಿ 1973ರಲ್ಲಿ ಎರಿಕ್ ಹರ್ಬ್ಸ್ಟ್ ಮತ್ತು ವಿಲಿಯಂ ಕ್ಲೆಂಪರರ್ ಅಂತರತಾರಾ ಮೋಡಗಳ ರಸಾಯನವನ್ನು ಅಯಾನುಗಳ ಆಧಾರದ ಮೇಲೆಯೇ ಕಟ್ಟಿದರು. ತಟಸ್ಥ ಅಣುಗಳನ್ನು ಹೆಚ್ಚಿನವರು ಬದಿಗಿಟ್ಟರು.

1980ರ ನವೆಂಬರ್‌ನಲ್ಲಿ ವಾಯೇಜರ್ 1 ನೌಕೆ ಶನಿಯ ಉಪಗ್ರಹ ಟೈಟಾನ್ ಬಳಿ ಹಾದುಹೋಯಿತು. ನೆಲದ ಮೇಲೆ ಸುಮಾರು 94 ಕೆಲ್ವಿನ್ ತಾಪವಿರುವ ಆ ಲೋಕದ ನೈಟ್ರೋಜನ್ ವಾಯುಮಂಡಲದಲ್ಲಿ ಅಸಿಟಿಲೀನ್, ಹೈಡ್ರೋಜನ್ ಸಯನೈಡ್, ಸಯನೋಅಸಿಟಿಲೀನ್‌ಗಳು ಕಂಡವು. ಬಿಸಿಲಿನ ಅತಿನೇರಳೆ ಕಿರಣಗಳು ಮೀಥೇನನ್ನು ಒಡೆಯುತ್ತವೆ. ಆಮೇಲೆ ಹುಟ್ಟುವ ಸಿಎನ್, ಸಿ₂ಎಚ್‌ನಂಥ ರ‍್ಯಾಡಿಕಲ್‌ಗಳು (ಚುರುಕಾಗಿ ವರ್ತಿಸುವ ಅಣುತುಣುಕುಗಳು) ಮುಂದಿನ ಅಣುಗಳನ್ನು ಕಟ್ಟುತ್ತವೆ. ಯುಕ್ ಯಂಗ್ ಮತ್ತು ಸಂಗಡಿಗರು 1984ರಲ್ಲಿ ಈ ಸರಣಿಯನ್ನು ವಿವರವಾದ ಮಾದರಿಯಾಗಿ ಪ್ರಕಟಿಸಿದರು. ಆದರೆ ಇಂಥ ಮಾದರಿಗಳಿಗೆ ಬೇಕಾದ ಎಷ್ಟೋ ವೇಗಾಂಕಗಳು ಕೋಣೆಯ ತಾಪದಲ್ಲಿ ಅಳೆದು, ಊಹೆಯಿಂದ ಕೆಳಕ್ಕೆ ಎಳೆದಂಥವು.

ಅಳೆಯಲು ಅಡ್ಡಿಯಾದದ್ದು ಪಾತ್ರೆಯ ಗೋಡೆ. ಅದನ್ನು ತಂಪುಮಾಡಿದರೆ ಅನಿಲ ಫ್ರಿಜ್ಜಿನ ಒಳಗಿನ ಹಿಮದಂತೆ ಗೋಡೆಗೇ ಕಟ್ಟಿಕೊಳ್ಳುತ್ತದೆ. ಪರಿಹಾರ ಬಂದದ್ದು ರಸಾಯನದಿಂದಲ್ಲ, ವಾಯುಗತಿಶಾಸ್ತ್ರದಿಂದ. ಪ್ಯಾರಿಸ್ ಸಮೀಪದ ಮೊದೋನ್‌ನಲ್ಲಿ ಬರ್ತ್ರಾಂ ರೋವ್ ಮತ್ತು ಜೊತೆಗಾರರು ಕ್ರೆಸು ಎಂಬ ವಿಧಾನವನ್ನು ರೂಪಿಸಿದರು. ವಿಶೇಷ ಆಕಾರದ ಲಾವಾಲ್ ನಾಳದ ಮೂಲಕ ಅನಿಲವನ್ನು ನಿರ್ವಾತ ಕೋಣೆಗೆ ಹರಿಯಬಿಟ್ಟರೆ ಅದು ಹಿಗ್ಗುತ್ತ ತಣಿಯುತ್ತದೆ, ಶಬ್ದಕ್ಕಿಂತ ವೇಗವಾಗಿ ಧಾವಿಸುತ್ತದೆ. ಆ ಹರಿವಿನ ನಡುಭಾಗದಲ್ಲಿ ಹತ್ತಾರು ಸೆಂಟಿಮೀಟರ್ ಉದ್ದಕ್ಕೂ ತಾಪ, ಸಾಂದ್ರತೆ ಒಂದೇ ಸಮ. ಅಲ್ಲಿ ಗೋಡೆಯೇ ಇಲ್ಲ. ಗಟ್ಟಿಯಾಗಲು ಅನಿಲಕ್ಕೆ ಸಮಯವೂ ಇಲ್ಲ. ಆದರೂ ಅಣುಗಳು ಸಾಕಷ್ಟು ಡಿಕ್ಕಿಯಾಗುವುದರಿಂದ ಆ ಚಳಿಗೆ ನಿಜವಾದ ತಾಪವೆಂಬ ಅರ್ಥವಿದೆ. ಒಂದು ನಾಳದಿಂದ ಒಂದೇ ತಾಪ. ಬೇರೆ ತಾಪಕ್ಕೆ ಬೇರೆ ನಾಳವನ್ನೇ ಕಡೆಯಬೇಕು. ಪಂಪುಗಳಂತೂ ದೈತ್ಯಾಕಾರದವು. 1984ರ ಮೊದಲ ಫಲಿತಾಂಶಗಳು ಅಯಾನುಗಳದ್ದೇ, 20 ಕೆಲ್ವಿನ್‌ವರೆಗೆ.

ತಿರುವು ಬಂದದ್ದು 1990ರ ದಶಕದ ಆರಂಭದಲ್ಲಿ. ರೆನ್ ನಗರಕ್ಕೆ ಸಾಗಿದ್ದ ರೋವ್ ಜೊತೆ ಬರ್ಮಿಂಗ್‌ಹ್ಯಾಮ್‌ನ ಇಯನ್ ಸ್ಮಿತ್ ಮತ್ತು ಇಯನ್ ಸಿಮ್ಸ್ ಕೈಜೋಡಿಸಿ, ಲೇಸರ್‌ನಿಂದ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ಇನ್ನೊಂದು ಲೇಸರ್‌ನಿಂದ ಅವು ಕರಗುವುದನ್ನು ಗಮನಿಸಿದರು. ಸಿಎನ್ ಆಕ್ಸಿಜನ್‌ನೊಂದಿಗೆ 13 ಕೆಲ್ವಿನ್‌ವರೆಗೂ ವರ್ತಿಸಿತು, ತಾಪ ಇಳಿದಷ್ಟೂ ಚುರುಕಾಗಿ. ಈಥೇನ್‌ನೊಂದಿಗಿನ ವೇಗ ಮೊದಲು ಇಳಿದು, ಬಳಿಕ ಮತ್ತೆ ಏರಿತು. ತಡೆಯಿಲ್ಲದಾಗ ಅಣುಗಳ ನಡುವಿನ ದುರ್ಬಲ ಸೆಳೆತವೇ ಸಾಕು; ನಿಧಾನವಾಗಿ ಬರುವ ಅಣು ಸುಲಭವಾಗಿ ಸಿಕ್ಕಿಬೀಳುತ್ತದೆ. ಬದಿಗಿಟ್ಟಿದ್ದ ತಟಸ್ಥ ಕ್ರಿಯೆಗಳನ್ನು ಮಾದರಿಗಳಿಗೆ ಮತ್ತೆ ಸೇರಿಸಬೇಕಾಯಿತು.

ತಡೆ ಇದ್ದರೂ ಕ್ರಿಯೆ ನಿಲ್ಲಬೇಕಿಲ್ಲ ಎಂದು 2013ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಓಎಚ್ ರ‍್ಯಾಡಿಕಲ್ ಮತ್ತು ಮೆಥನಾಲ್ ನಡುವಣ ಕ್ರಿಯೆ 200 ಕೆಲ್ವಿನ್‌ಗಿಂತ 63 ಕೆಲ್ವಿನ್‌ನಲ್ಲಿ ಹೆಚ್ಚುಕಡಿಮೆ ನೂರುಪಟ್ಟು ವೇಗವಾಗಿತ್ತು. ಎರಡೂ ಹೈಡ್ರೋಜನ್ ಬಂಧದಿಂದ ಸ್ವಲ್ಪ ಹೊತ್ತು ಅಂಟಿಕೊಂಡಿರುವಾಗ ಹೈಡ್ರೋಜನ್ ಪರಮಾಣು ತಡೆಯನ್ನು ಹತ್ತದೆ ಕ್ವಾಂಟಮ್ ಸುರಂಗದ ಮೂಲಕ ನುಸುಳುತ್ತದೆ ಎಂಬುದು ಅವರ ವಿವರಣೆ.

ಇಷ್ಟಾದರೂ ಈ ಪ್ರಯೋಗಗಳು ಬಹುತೇಕ ಹೇಳಿದ್ದು ರ‍್ಯಾಡಿಕಲ್ ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಏನು ಹುಟ್ಟಿತು ಎಂಬುದನ್ನಲ್ಲ. ಟೈಟಾನ್ ಅಧ್ಯಯನಕ್ಕೆ ಇದು ದೊಡ್ಡ ಕೊರತೆಯೇ. ಅಮೆರಿಕದ ಆರ್ಥರ್ ಸೂಟ್ಸ್, ರಾಬರ್ಟ್ ಫೀಲ್ಡ್ ತಂಡಗಳು 2014ರ ಸುಮಾರಿಗೆ ಇದೇ ಬಗೆಯ ಹರಿವಿಗೆ ಮೈಕ್ರೋವೇವ್ ರೋಹಿತಮಾಪನವನ್ನು ಜೋಡಿಸಿದವು. ಸಿಎನ್ ಮತ್ತು ಪ್ರೊಪೈನ್ ಕೂಡಿದಾಗ ಸಯನೋಅಸಿಟಿಲೀನ್, ಅದರ ಮೀಥೈಲ್ ರೂಪ, ಹೈಡ್ರೋಜನ್ ಸಯನೈಡ್ ಮೂರೂ ಬರುತ್ತವೆ, ಹೆಚ್ಚಿನ ಪಾಲು ಮೊದಲನೆಯದು ಎಂದು ಹೀಗೆ ತಿಳಿಯಿತು.